ಕಬ್ಬಿನ ಎಥನಾಲ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಟಿಲರಿ ಲ್ಯಾಬಿಗೆ ಹೊಸದಾಗಿ ಸೇರಿದವರು, ಮೈಕ್ರೋಬಯಾಲಜಿ ಓದುತ್ತಿರುವವರು, ಕಾರ್ಖಾನೆಗೆ ಕಬ್ಬು ಕೊಡುವ ರೈತರು, ಎಲ್ಲರೂ ಸುತ್ತಿ ಬಳಸಿ ಕೇಳುವ ಪ್ರಶ್ನೆಗಳು ಇವು. ಉದಾಹರಣೆಗಳು ಹೆಚ್ಚಾಗಿ ಬ್ರೆಜಿಲಿನವು. ಕಬ್ಬಿನ ಎಥನಾಲ್‌ನಲ್ಲಿ ಈ ಕಾಟವನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ನಮ್ಮ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಮೊಲಾಸಿಸ್) ಡಿಸ್ಟಿಲರಿಗಳಲ್ಲಿ ಲೆಕ್ಕ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಟ್ಯಾಂಕಿನಲ್ಲಿ ಯೀಸ್ಟ್ ಇದೆ, ಸಕ್ಕರೆ ಇದೆ. ನಾಲ್ಕು ಬ್ಯಾಕ್ಟೀರಿಯಾ ಸೇರಿಕೊಂಡರೆ ಏನಾಗುತ್ತದೆ?

ನಾಲ್ಕೇ ಇದ್ದರೆ ಏನೂ ಆಗುವುದಿಲ್ಲ. ಅವು ನಾಲ್ಕಾಗಿ ಉಳಿಯುವುದಿಲ್ಲ, ಅದೇ ತೊಂದರೆ. ಯೀಸ್ಟ್ ಸಕ್ಕರೆ ತಿಂದು ಎಥನಾಲ್ ಕೊಡುತ್ತದೆ. ಬ್ಯಾಕ್ಟೀರಿಯಾ ಅದೇ ಸಕ್ಕರೆ ತಿಂದು ಹುಳಿ ಕೊಡುತ್ತದೆ: ಲ್ಯಾಕ್ಟಿಕ್ ಆಸಿಡ್, ಅಸಿಟಿಕ್ ಆಸಿಡ್. ಮೊದಲ ನಷ್ಟ ಸಕ್ಕರೆಯದು. ಎರಡನೆಯದು, ಆ ಹುಳಿ ಯೀಸ್ಟಿಗೇ ತಿರುಗಿಬೀಳುತ್ತದೆ. ಅಸಿಟಿಕ್ ಆಸಿಡ್ 0.05 ಶೇಕಡಾ, ಲ್ಯಾಕ್ಟಿಕ್ ಆಸಿಡ್ 0.2 ಶೇಕಡಾ ದಾಟುತ್ತಿದ್ದಂತೆ ಯೀಸ್ಟ್ ಸುಸ್ತಾಗತೊಡಗುತ್ತದೆ. ಬೆಳವಣಿಗೆ ನಿಧಾನವಾಗುತ್ತದೆ, ಸಕ್ಕರೆ ಪೂರ್ತಿ ಮುಗಿಯುವುದಿಲ್ಲ, ಟ್ಯಾಂಕ್ ಖಾಲಿ ಮಾಡುವ ಹೊತ್ತು ಮುಂದೆ ಹೋಗುತ್ತದೆ.

ಇದು ಹೊಸ ರೋಗವೇನಲ್ಲ. 1856ರಲ್ಲಿ ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ ಬಿಗೋ ಎಂಬ ಕಾರ್ಖಾನೆ ಮಾಲೀಕರ ಬೀಟ್ ಆಲ್ಕೋಹಾಲ್ ತೊಟ್ಟಿಗಳು ಹುಳಿ ಹಿಡಿದಾಗ, ಲೂಯಿ ಪಾಶ್ಚರ್ ಸೂಕ್ಷ್ಮದರ್ಶಕ ಹಿಡಿದು ಹೋಗಿದ್ದು ಇದನ್ನೇ ನೋಡಲು. ಚೆನ್ನಾಗಿದ್ದ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್, ಕೆಟ್ಟ ತೊಟ್ಟಿಯಲ್ಲಿ ಅದಕ್ಕಿಂತ ಬಹಳ ಚಿಕ್ಕ ಕಡ್ಡಿಗಳು. ಇವತ್ತು ನಮ್ಮ ಲ್ಯಾಬಿನಲ್ಲಿ ಸ್ಲೈಡ್ ಇಟ್ಟು ನೋಡಿದರೂ ಕಾಣುವುದು ಅದೇ.

ಹಾಗಿದ್ದರೆ ರಸವನ್ನೆಲ್ಲ ಚೆನ್ನಾಗಿ ಕುದಿಸಿ, ಟ್ಯಾಂಕ್ ಮುಚ್ಚಿ, ಸ್ಟೆರೈಲ್ ಆಗಿ ಮಾಡಬಾರದೇ? ಔಷಧ ಕಂಪನಿಗಳು ಮಾಡುತ್ತವಲ್ಲ?

ಔಷಧ ಕಂಪನಿ ಗ್ರಾಂ ಲೆಕ್ಕದಲ್ಲಿ ಮಾರುತ್ತದೆ, ಡಿಸ್ಟಿಲರಿ ಲೀಟರ್ ಲೆಕ್ಕದಲ್ಲಿ. ಬ್ರೆಜಿಲಿನ ಒಂದೊಂದು ತೊಟ್ಟಿ 5 ಲಕ್ಷದಿಂದ 30 ಲಕ್ಷ ಲೀಟರ್ ಹಿಡಿಸುತ್ತದೆ. ಅಷ್ಟನ್ನೂ ಸ್ಟೆರೈಲ್ ಮಾಡುವ ಉಗಿಯ ಖರ್ಚಿನಲ್ಲೇ ಲಾಭ ಹೋಗಿಬಿಡುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ತಿಳಿ ಮಾಡಲು 100 ಡಿಗ್ರಿ ದಾಟಿ ಬಿಸಿ ಮಾಡುತ್ತಾರೆ ನಿಜ, ಆಗ ಬಹುಪಾಲು ಸಾಯುತ್ತವೆ. ಆದರೆ ಆಮೇಲೆ ಅದನ್ನು ತಣ್ಣಗೆ ಮಾಡಬೇಕಲ್ವಾ? ಕೂಲರ್ ಪ್ಲೇಟುಗಳ ಸಂದಿಯಲ್ಲಿ, ಪೈಪಿನ ಮೂಲೆಯಲ್ಲಿ ಕೂತಿದ್ದವು ಮತ್ತೆ ಸೇರಿಕೊಳ್ಳುತ್ತವೆ. ಬ್ಯಾಸಿಲಸ್ ಜಾತಿಯ ಬೀಜಕಣಗಳಂತೂ ಆ ಬಿಸಿಗೂ ಜಗ್ಗುವುದಿಲ್ಲ.

ಹಾಗಾಗಿ ಈ ಉದ್ಯಮದಲ್ಲಿ ಯಾರೂ ಬ್ಯಾಕ್ಟೀರಿಯಾ ಸೊನ್ನೆಗೆ ಬರಲಿ ಎಂದು ಕಾಯುವುದಿಲ್ಲ. ಯೀಸ್ಟ್ ಕೆಲಸ ಮುಗಿಸುವವರೆಗೆ ಅವು ತಲೆ ಎತ್ತದಿದ್ದರೆ ಸಾಕು.

ಬರುವ ಬ್ಯಾಕ್ಟೀರಿಯಾ ಯಾವುವು?

ಮುಖ್ಯವಾಗಿ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ, ಅಂದರೆ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದಾಗ ಕೆಲಸ ಮಾಡುವ ಬ್ಯಾಕ್ಟೀರಿಯಾದ ನೆಂಟರು. ಆಮ್ಲಜನಕ ಬೇಡ, ಹುಳಿ ತಡೆದುಕೊಳ್ಳುತ್ತವೆ, ಆಲ್ಕೋಹಾಲನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ಯೀಸ್ಟ್ ಹೊರಗೆ ಬಿಡುವ ಅಮೈನೋ ಆಸಿಡ್, ವಿಟಮಿನ್‌ಗಳೇ ಅವಕ್ಕೆ ಊಟ. ಫರ್ಮೆಂಟರ್, ಅಂದರೆ ಈ ಟ್ಯಾಂಕ್, ಅವುಗಳಿಗೆಂದೇ ಕಟ್ಟಿದ ಮನೆ ಎನ್ನಬೇಕು.

ಬ್ರೆಜಿಲಿನ ತೊಟ್ಟಿಗಳಲ್ಲಿ ಹೆಚ್ಚಾಗಿ ಸಿಗುವುದು ಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟಮ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ವಿನಿ. 2020ರಲ್ಲಿ ಈ ಕುಲವನ್ನು ಹಲವು ಕುಲಗಳಾಗಿ ಒಡೆದಿದ್ದರಿಂದ ಹೊಸ ವರದಿಗಳಲ್ಲಿ ಲಿಮೋಸಿಲ್ಯಾಕ್ಟೋಬ್ಯಾಸಿಲಸ್, ಲಿಕ್ವೊರಿಲ್ಯಾಕ್ಟೋಬ್ಯಾಸಿಲಸ್ ಎಂದು ಕಾಣಬಹುದು. ಗಾಬರಿ ಬೇಡ, ಅವೇ ಹಳೆಯವು. ಗಾಣದ ಕಡೆ ಲ್ಯೂಕೊನೊಸ್ಟಾಕ್ ಜೋರು. ಅಸಿಟಿಕ್ ಆಸಿಡ್ ಬ್ಯಾಕ್ಟೀರಿಯಾಗೆ ಗಾಳಿ ಬೇಕು. ಕಾರ್ಬನ್ ಡೈಆಕ್ಸೈಡ್ ತುಂಬಿದ ಟ್ಯಾಂಕಿನಲ್ಲಿ ಅವುಗಳ ಆಟ ನಡೆಯುವುದಿಲ್ಲ, ಆದರೆ ಫರ್ಮೆಂಟೇಶನ್ ಮುಗಿದ ವಾಶ್ (ಟ್ಯಾಂಕಿನಲ್ಲಿ ಹುದುಗಿದ ದ್ರವ) ಸುಮ್ನೆ ನಿಂತರೆ ಶುರು ಹಚ್ಚಿಕೊಳ್ಳುತ್ತವೆ.

ಇವು ಎಲ್ಲಿಂದ ಬರುತ್ತವೆ?

ಹೊಲದಿಂದಲೇ ಬರುತ್ತವೆ. ಕಡಿದ ಕಬ್ಬಿನ ತುದಿಯಲ್ಲಿ ರಸ ಜಿನುಗುತ್ತದೆ, ಮಣ್ಣು ತಾಗುತ್ತದೆ, ಅಲ್ಲಿಂದ ಲ್ಯೂಕೊನೊಸ್ಟಾಕ್ ಕೆಲಸ ಶುರು. ಬೆಂಕಿ ಬಿದ್ದ ಕಬ್ಬಾದರೆ ಸಿಪ್ಪೆ ಸೀಳಿ ಇನ್ನೂ ಸಲೀಸು. ಕಾರ್ಖಾನೆ ಗೇಟಿನಲ್ಲಿ ಟ್ರ್ಯಾಕ್ಟರ್ ಸಾಲು ಎರಡು ದಿನ ನಿಂತರೆ ರೈತರಿಗೆ ತೂಕ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತು. ಅದೇ ಎರಡು ದಿನದಲ್ಲಿ ಡಿಸ್ಟಿಲರಿಯ ಹುಳಿಯೂ ತಯಾರಾಗುತ್ತಿರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಕಡಿದ 24 ಗಂಟೆಯೊಳಗೆ ಅರೆಯಿರಿ ಎಂದು ಹೇಳುವುದು ಇದಕ್ಕೇ.

ಬ್ರೆಜಿಲಿನ ಸಾವೊ ಪಾವ್ಲೊ ರಾಜ್ಯದಲ್ಲಿ ಕಬ್ಬಿಗೆ ಬೆಂಕಿ ಹಚ್ಚಿ ಕಡಿಯುವುದನ್ನು ಹಂತ ಹಂತವಾಗಿ ನಿಲ್ಲಿಸಲು 2002ರಲ್ಲಿ ಕಾನೂನು ಬಂತು. ಯಂತ್ರದ ಕಟಾವು ಹೆಚ್ಚಿತು. ಗಾಳಿಗೆ ಒಳ್ಳೆಯದಾಯಿತು, ಆದರೆ ಯಂತ್ರ ಕಬ್ಬನ್ನು ಗೇಣುದ್ದದ ತುಂಡು ಮಾಡುತ್ತದೆ. ಒಂದು ಜಲ್ಲೆಗೆ ಎರಡು ತುದಿ ಇದ್ದದ್ದು ಹತ್ತಾರು ತುದಿಯಾಯಿತು. ಜತೆಗೆ ಸೋಗೆ, ಮಣ್ಣು.

ಹೊಲ ದಾಟಿದರೆ ಗಾಣ. ಗಾಣದ ಕೆಳಗಿನ ರಸದ ತೊಟ್ಟಿ, ಜರಡಿ, ಕಾಲುವೆಗಳಲ್ಲಿ ಬೆರಳಿಗೆ ಜಾರುವ ಲೋಳೆ ಕಟ್ಟುತ್ತದೆಯಲ್ಲ, ಅದು ಡೆಕ್ಸ್‌ಟ್ರಾನ್. ಲ್ಯೂಕೊನೊಸ್ಟಾಕ್ ಸುಕ್ರೋಸ್ ತಿಂದು ಕಟ್ಟಿದ ಗೂಡು. ಆ ಲೋಳೆಯೊಳಗೆ ಕೂತ ಬ್ಯಾಕ್ಟೀರಿಯಾಗೆ ಮೇಲಿನಿಂದ ಸುರಿದ ಔಷಧ ತಟ್ಟುವುದೇ ಇಲ್ಲ. ಬಿಸಿನೀರು, ಉಗಿ ಹಿಡಿದು ಮೊದಲು ಲೋಳೆ ಕಿತ್ತು ತೆಗೆಯಬೇಕು.

ಅದನ್ನೂ ದಾಟಿದರೆ ಕೂಲರ್‌ಗಳು, ಪಂಪಿನ ಸೀಲುಗಳು, ಬಳಸದೆ ಬಿಟ್ಟ ಪೈಪ್ ತುಂಡುಗಳು, ನೀರು. ಕೊನೆಯದಾಗಿ ಯೀಸ್ಟ್ ತಾನೇ. ಅದು ಮುಂದಿನ ಪ್ರಶ್ನೆ.

ಬ್ರೆಜಿಲಿನಲ್ಲಿ ಈ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ?

ಅವರು ಯೀಸ್ಟನ್ನು ಬಿಸಾಡುವುದಿಲ್ಲ. ಫರ್ಮೆಂಟೇಶನ್ ಮುಗಿದ ಮೇಲೆ ವಾಶನ್ನು ಸೆಂಟ್ರಿಫ್ಯೂಜಿಗೆ ಹಾಕಿ ಯೀಸ್ಟನ್ನು ಕೆನೆಯ ಹಾಗೆ ಬೇರೆ ಮಾಡುತ್ತಾರೆ. 90 ಶೇಕಡಾಕ್ಕಿಂತ ಜಾಸ್ತಿ ಯೀಸ್ಟ್ ಮುಂದಿನ ತೊಟ್ಟಿಗೆ ಹೋಗುತ್ತದೆ. ಫ್ರಾನ್ಸಿನ ಮೆಲ್ ಎಂಬಲ್ಲಿ 1930ರ ದಶಕದಲ್ಲಿ ಬೊಯಿನೋ ಎಂಬಾತ ರೂಪಿಸಿದ ವಿಧಾನ ಇದು, ಮೆಲ್-ಬೊಯಿನೋ ಪದ್ಧತಿ. 1975ರ ನವೆಂಬರ್‌ನಲ್ಲಿ ಬ್ರೆಜಿಲ್ ಸರ್ಕಾರ ಪ್ರೊಆಲ್ಕೂಲ್ ಯೋಜನೆ ಶುರು ಮಾಡಿದ ಮೇಲೆ ಇದು ದೇಶದ ತುಂಬ ಹರಡಿತು.

ಲಾಭ ದೊಡ್ಡದು. ಯೀಸ್ಟ್ ದಂಡಿಯಾಗಿ ಇರುವುದರಿಂದ 6ರಿಂದ 12 ಗಂಟೆಯಲ್ಲಿ ಫರ್ಮೆಂಟೇಶನ್ ಮುಗಿಯುತ್ತದೆ. ಹೊಸ ಯೀಸ್ಟ್ ಬೆಳೆಸಲು ಸಕ್ಕರೆ ಹಾಳಾಗುವುದಿಲ್ಲ. ದಕ್ಷತೆ 90 ಶೇಕಡಾ ದಾಟುತ್ತದೆ. ಆದರೆ ದಿನಕ್ಕೆ ಎರಡು ಸಲದಂತೆ ಇನ್ನೂರು ದಿನಕ್ಕೂ ಜಾಸ್ತಿ ಅದೇ ಯೀಸ್ಟ್ ತಿರುಗುತ್ತದೆ. ಯೀಸ್ಟ್ ಜತೆ ಬ್ಯಾಕ್ಟೀರಿಯಾವೂ ತಿರುಗುತ್ತದೆ. ಒಂದು ತೊಟ್ಟಿಯ ರೋಗ ಆ ತೊಟ್ಟಿಗೇ ಮುಗಿಯುವುದಿಲ್ಲ, ಸೀಸನ್ ಪೂರ್ತಿ ಬೆನ್ನು ಹತ್ತುತ್ತದೆ.

ಅದಕ್ಕೇ ಅವರು ಗಟ್ಟಿಮುಟ್ಟಾದ ಯೀಸ್ಟನ್ನೇ ಹುಡುಕಿಕೊಂಡರು. ಬೇಕರಿ ಯೀಸ್ಟ್ ಹಾಕಿ ಶುರು ಮಾಡಿದರೆ ಕೆಲವು ವಾರಗಳಲ್ಲಿ ಕಾಡು ಯೀಸ್ಟ್ ಅದನ್ನು ಹೊರದಬ್ಬುತ್ತಿತ್ತು. ಹಾಗೆ ಗೆದ್ದು ಉಳಿದ ತಳಿಗಳನ್ನೇ ಕಾರ್ಖಾನೆಗಳಿಂದ ಆರಿಸಿದರು. ಪಿಇ-2, ಕ್ಯಾಟ್-1 ಇವತ್ತು ಹೆಸರುವಾಸಿಯಾಗಿರುವುದು ಹೀಗೆ. ಸಾವೊ ಪಾವ್ಲೊ ರಾಜ್ಯದ ಪಿರಾಸಿಕಾಬಾ ಊರಿನ ಸಂಶೋಧಕರದು ಇದರಲ್ಲಿ ದೊಡ್ಡ ಪಾತ್ರ.

ಯೀಸ್ಟಿಗೆ ಆಸಿಡ್ ಹಾಕುತ್ತಾರಂತೆ, ಅದು ಸಾಯುವುದಿಲ್ಲವೇ?

ಸಲ್ಫ್ಯೂರಿಕ್ ಆಸಿಡ್. ಯೀಸ್ಟ್ ಕೆನೆಗೆ ನೀರು ಬೆರೆಸಿ, ಪಿಎಚ್ 2ರಿಂದ 2.5ರವರೆಗೆ ಇಳಿಸಿ, ಒಂದರಿಂದ ಮೂರು ಗಂಟೆ ಕಲಕುತ್ತಾ ಇಡುತ್ತಾರೆ. ಯೀಸ್ಟ್ ತಡೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತವೆ. ಗಂಟು ಕಟ್ಟಿದ ಯೀಸ್ಟ್ ಬಿಡಿಬಿಡಿಯಾಗುವುದು ಇನ್ನೊಂದು ಉಪಯೋಗ.

ಎಲ್ಲವೂ ಸಾಯುವುದಿಲ್ಲ. ಸೀಸನ್ ಮುಂದುವರಿದಂತೆ ಆಸಿಡ್ ತಡೆಯುವ ತಳಿಗಳೇ ಉಳಿದುಕೊಳ್ಳುತ್ತವೆ. ಆಗ ಇನ್ನಷ್ಟು ಆಸಿಡ್ ಸುರಿಯುವ ಆಸೆಯಾಗುತ್ತದೆ. ಅಲ್ಲೇ ಎಡವುವುದು. ಯೀಸ್ಟಿಗೂ ಮಿತಿ ಇದೆ. ಹಿಂದಿನ ತೊಟ್ಟಿಯಲ್ಲಿ ಆಲ್ಕೋಹಾಲ್ ಜಾಸ್ತಿಯಾಗಿ, ಬಿಸಿ ಏರಿ ಬಳಲಿದ ಯೀಸ್ಟಿಗೆ ಈ ಆಸಿಡ್ ಸ್ನಾನ ಕೊಟ್ಟರೆ ಅರ್ಧ ಜೀವ ಹೋಗುತ್ತದೆ. ಮೆಥಿಲೀನ್ ಬ್ಲೂ ಹಾಕಿ ನೋಡಿದರೆ ನೀಲಿ ಕೋಶಗಳು, ಅಂದರೆ ಸತ್ತವು, ಹೆಚ್ಚುತ್ತಾ ಹೋಗುವುದು ಕಾಣುತ್ತದೆ.

ನಷ್ಟ ಎಷ್ಟು? ಸುಮ್ನೆ ಹೆದರಿಸುವುದು ಬೇಡ, ಲೆಕ್ಕ ಹೇಳಿ.

ಲೆಕ್ಕ ಸುಲಭ. 180 ಗ್ರಾಂ ಗ್ಲೂಕೋಸ್ ಯೀಸ್ಟಿಗೆ ಸಿಕ್ಕರೆ, ಕಾಗದದ ಮೇಲೆ, 92 ಗ್ರಾಂ ಎಥನಾಲ್. ಅದೇ 180 ಗ್ರಾಂ ಲ್ಯಾಕ್ಟಿಕ್ ಆಸಿಡ್ ಒಂದನ್ನೇ ಮಾಡುವ ಬ್ಯಾಕ್ಟೀರಿಯಾಗೆ ಸಿಕ್ಕರೆ 180 ಗ್ರಾಂ ಲ್ಯಾಕ್ಟಿಕ್ ಆಸಿಡ್, ಎಥನಾಲ್ ಸೊನ್ನೆ.

10 ಲಕ್ಷ ಲೀಟರ್ ವಾಶ್ ಇದೆ ಎಂದುಕೊಳ್ಳಿ. ಅದರಲ್ಲಿ ಲ್ಯಾಕ್ಟಿಕ್ ಆಸಿಡ್ ಲೀಟರಿಗೆ ಬರೀ 1 ಗ್ರಾಂ ಏರಿದೆ. ಅಂದರೆ 1,000 ಕಿಲೋ ಸಕ್ಕರೆ ಹೋಯಿತು. ಅದರಿಂದ ಬರಬೇಕಿದ್ದ ಎಥನಾಲ್ 511 ಕಿಲೋ, ಸುಮಾರು 650 ಲೀಟರ್. ಯೀಸ್ಟಿನ ದಕ್ಷತೆ 90 ಶೇಕಡಾ ಎಂದು ಹಿಡಿದರೂ 580 ಲೀಟರ್ ದಾಟುತ್ತದೆ. ಇದು ಒಂದು ತೊಟ್ಟಿ, ಒಂದು ಸಲ. ಯೀಸ್ಟ್ ಸುಸ್ತಾಗಿ ಉಳಿಸಿದ ಸಕ್ಕರೆ, ಹೆಚ್ಚಿಗೆ ಹಾಕಿದ ಆಸಿಡ್, ಆಂಟಿಬಯೋಟಿಕ್ ಖರ್ಚು, ತಡವಾದ ಗಂಟೆಗಳು ಇದರಲ್ಲಿ ಸೇರಿಲ್ಲ.

ಎಲ್ಲ ಬ್ಯಾಕ್ಟೀರಿಯಾದ ನಷ್ಟವೂ ಒಂದೇನಾ?

ಅಲ್ಲವೇ ಅಲ್ಲ. ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಎಷ್ಟಿವೆ ಎಂದು ಎಲ್ಲರೂ ಕೇಳುತ್ತಾರೆ, ಯಾವುದಿದೆ ಎಂದು ಕೇಳುವವರು ಕಡಿಮೆ.

ಮೇಲಿನ ಲೆಕ್ಕ ಲ್ಯಾಕ್ಟಿಕ್ ಆಸಿಡ್ ಮಾತ್ರ ಮಾಡುವ ಗುಂಪಿನದು. ಇನ್ನೊಂದು ಗುಂಪು ಮಿಶ್ರವಾಗಿ ಮಾಡುತ್ತದೆ. ಗ್ಲೂಕೋಸ್ ಸಿಕ್ಕರೆ ಅರ್ಧ ಲ್ಯಾಕ್ಟಿಕ್ ಆಸಿಡ್, ಜತೆಗೆ ಸ್ವಲ್ಪ ಎಥನಾಲ್, ಕಾರ್ಬನ್ ಡೈಆಕ್ಸೈಡ್. ಎಥನಾಲೂ ಕೊಡುತ್ತದಲ್ಲ, ಪರವಾಗಿಲ್ಲ ಅನ್ನಿಸಬಹುದು. ಆದರೆ ಕಬ್ಬಿನ ಸಕ್ಕರೆ ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್ ಕಂಡ ಕೂಡಲೇ ಈ ಗುಂಪು ದಾರಿ ಬದಲಿಸುತ್ತದೆ. ಫ್ರಕ್ಟೋಸನ್ನು ಮ್ಯಾನಿಟಾಲ್ ಮಾಡಿಡುತ್ತದೆ, ಎಥನಾಲ್ ಮಾಡುವ ಬದಲು ಅಸಿಟಿಕ್ ಆಸಿಡ್ ಮಾಡುತ್ತದೆ. ಒಂದು ಗ್ಲೂಕೋಸ್, ಎರಡು ಫ್ರಕ್ಟೋಸ್ ಸೇರಿ ಒಂದು ಲ್ಯಾಕ್ಟಿಕ್, ಒಂದು ಅಸಿಟಿಕ್, ಎರಡು ಮ್ಯಾನಿಟಾಲ್. ಎಥನಾಲ್ ಇಲ್ಲ. ನಮ್ಮ ಯೀಸ್ಟ್ ಮ್ಯಾನಿಟಾಲ್ ಮುಟ್ಟುವುದಿಲ್ಲ, ಅದು ಹಾಗೇ ಸ್ಪೆಂಟ್ ವಾಶಿಗೆ, ಅಂದರೆ ಎಥನಾಲ್ ತೆಗೆದ ಮೇಲೆ ಉಳಿಯುವ ನೀರಿಗೆ, ಹೋಗುತ್ತದೆ.

ಗುಣಿಸಿ ನೋಡಿ. ಲ್ಯಾಕ್ಟಿಕ್ ಒಂದನ್ನೇ ಮಾಡುವ ಬ್ಯಾಕ್ಟೀರಿಯಾದ 90 ಗ್ರಾಂ ಲ್ಯಾಕ್ಟಿಕ್ ಆಸಿಡ್‌ಗೆ ನಾವು ಕಳೆದುಕೊಂಡ ಎಥನಾಲ್ 46 ಗ್ರಾಂ. ಫ್ರಕ್ಟೋಸ್ ದಾರಿ ಹಿಡಿದ ಬ್ಯಾಕ್ಟೀರಿಯಾದ ಅದೇ 90 ಗ್ರಾಂಗೆ 276 ಗ್ರಾಂ. ಆರು ಪಟ್ಟು! ನಿಜವಾದ ತೊಟ್ಟಿಯಲ್ಲಿ ಎರಡೂ ದಾರಿ ಬೆರೆತಿರುತ್ತವೆ, ಹಾಗಾಗಿ ನಷ್ಟ ಎಲ್ಲೋ ನಡುವೆ ನಿಲ್ಲುತ್ತದೆ. ಮೇಲೆ ಹೇಳಿದ ಫರ್ಮೆಂಟಮ್ ಈ ಎರಡನೇ ಗುಂಪಿನದು. ಬ್ರೆಜಿಲಿನಲ್ಲಿ ಕಾರ್ಖಾನೆಯ ಹಾಗೆಯೇ ಯೀಸ್ಟ್ ತಿರುಗಿಸಿ ಮಾಡಿದ ಲ್ಯಾಬ್ ಪ್ರಯೋಗಗಳಲ್ಲೂ ಮಿಶ್ರ ಗುಂಪಿನದೇ ಹೆಚ್ಚು ಹಾನಿ ಕಂಡಿದೆ.

ಯೀಸ್ಟ್ ಗಂಟು ಕಟ್ಟುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಕೆಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಯೀಸ್ಟ್ ಕೋಶಗಳಿಗೆ ಅಂಟಿಕೊಂಡು ಅವನ್ನು ಒಂದಕ್ಕೊಂದು ಹೆಣೆಯುತ್ತವೆ. ಗಾಜಿನ ಸಿಲಿಂಡರಿಗೆ ವಾಶ್ ತೆಗೆದು ಐದು ನಿಮಿಷ ಇಡಿ. ಯೀಸ್ಟ್ ಚಕ್ಕೆ ಚಕ್ಕೆಯಾಗಿ ತಳಕ್ಕೆ ಇಳಿದು ಮೇಲೆ ತಿಳಿ ನಿಂತರೆ ಗಂಟು ಕಟ್ಟಿದೆ ಎಂದರ್ಥ. ತೊಟ್ಟಿಯಲ್ಲೂ ಹಾಗೇ ತಳ ಹಿಡಿಯುತ್ತದೆ, ಸಕ್ಕರೆ ಮೇಲೆ, ಯೀಸ್ಟ್ ಕೆಳಗೆ. ಸೆಂಟ್ರಿಫ್ಯೂಜಿನ ನಾಜಲ್ ಕಟ್ಟಿಕೊಳ್ಳುತ್ತದೆ. ಯೀಸ್ಟ್ ಸರಿಯಾಗಿ ಬೇರ್ಪಡುವುದಿಲ್ಲ, ಒಂದಷ್ಟು ವಾಶ್ ಜತೆ ಕಾಲಮ್ಮಿಗೆ, ಅಂದರೆ ಭಟ್ಟಿ ಇಳಿಸುವ ಗೋಪುರಕ್ಕೆ, ಹೋಗಿ ಬೇಯುತ್ತದೆ. ಎಲ್ಲ ಗಂಟಿಗೂ ಬ್ಯಾಕ್ಟೀರಿಯಾವೇ ಕಾರಣವಲ್ಲ, ಕೆಲವು ಕಾಡು ಯೀಸ್ಟ್‌ಗಳ ಗುಣವೇ ಅದು. ಸ್ಲೈಡ್ ನೋಡದೆ ತೀರ್ಮಾನ ಮಾಡಬೇಡಿ.

ಎಷ್ಟು ಬ್ಯಾಕ್ಟೀರಿಯಾ ಇದ್ದರೆ ಹೆದರಬೇಕು?

ವಾಶಿನ ಒಂದು ಮಿಲಿಲೀಟರಿನಲ್ಲಿ ಕೆಲವು ಲಕ್ಷ ಇದ್ದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. 1 ಕೋಟಿ ದಾಟಿದರೆ ಕಾರಣ ಹುಡುಕಿ. 10 ಕೋಟಿಗೆ ಬಂದರೆ ಆಗಲೇ ಯೀಸ್ಟಿನ ಸಂಖ್ಯೆಯ ಹತ್ತಿರ ಬಂದಿದೆ, ನಷ್ಟ ನಡೆಯುತ್ತಿದೆ.

ಲ್ಯಾಬಿನಲ್ಲಿ ಕಂಡುಹಿಡಿಯುವುದು ಹೇಗೆ? ಪ್ಲೇಟ್ ರಿಸಲ್ಟ್ ಬರುವಷ್ಟರಲ್ಲಿ ಬ್ಯಾಚೇ ಮುಗಿದಿರುತ್ತದಲ್ಲ?

ಹೌದು. ಎಂಆರ್‌ಎಸ್ ಅಗರಿನಲ್ಲಿ (ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ), ಯೀಸ್ಟ್ ಬೆಳೆಯದಂತೆ ಸೈಕ್ಲೋಹೆಕ್ಸಿಮೈಡ್ ಹಾಕಿ, ಪ್ಲೇಟ್ ಮಾಡಿದರೆ ಎಣಿಕೆಗೆ ಎರಡು ದಿನ ಬೇಕು. ಅಷ್ಟರಲ್ಲಿ ಬ್ರೆಜಿಲಿನ ತೊಟ್ಟಿ ನಾಲ್ಕು ಸಲ ತುಂಬಿ ಖಾಲಿಯಾಗಿರುತ್ತದೆ. ಪ್ಲೇಟ್ ಬೇಕು, ಆದರೆ ಅದು ಕಳೆದ ವಾರದ ಕಥೆ ಹೇಳುತ್ತದೆ. ಇವತ್ತಿನದಕ್ಕೆ ಸೂಕ್ಷ್ಮದರ್ಶಕ, ಆಸಿಡಿಟಿ.

ಸೂಕ್ಷ್ಮದರ್ಶಕದಲ್ಲಿ ಒಂದು ತೊಡಕಿದೆ. ಆಸಿಡ್, ಆಂಟಿಬಯೋಟಿಕ್ ಹಾಕಿದ ಮೇಲೆ ಸತ್ತ ಕಡ್ಡಿಗಳೂ ಹಾಗೇ ಕಾಣುತ್ತವೆ. "ಔಷಧ ಹಾಕಿದರೂ ಕಡಿಮೆ ಆಗಿಲ್ಲ ಸರ್" ಎಂದು ಹುಡುಗರು ಓಡಿಬರುವುದು ಇದಕ್ಕೇ. ಜೀವ ಇರುವುದನ್ನು ಸತ್ತದ್ದರಿಂದ ಬೇರೆ ಮಾಡುವ ಬಣ್ಣ ಬಳಸಿ, ಇಲ್ಲವೇ ಆಸಿಡಿಟಿ ಏರುತ್ತಿದೆಯೇ ನೋಡಿ. ಕಡ್ಡಿ ಕಾಣುತ್ತಿವೆ, ಆಸಿಡಿಟಿ ನಿಂತಿದೆ ಎಂದರೆ ಔಷಧ ಕೆಲಸ ಮಾಡಿದೆ.

ಇನ್ನೊಂದು ತೊಡಕು ನಮ್ಮ ಕಡೆ ಜಾಸ್ತಿ. ನಮ್ಮ ಡಿಸ್ಟಿಲರಿಗಳಲ್ಲಿ ವಿಎಫ್‌ಎ, ಅಂದರೆ ಆವಿಯಾಗುವ ಆಸಿಡ್‌ಗಳ ಟೆಸ್ಟಿನ ಮೇಲೆ ಬಹಳ ನಂಬಿಕೆ. ಅಸಿಟಿಕ್, ಬ್ಯುಟಿರಿಕ್ ಅದರಲ್ಲಿ ಸಿಗುತ್ತವೆ. ಲ್ಯಾಕ್ಟಿಕ್ ಆಸಿಡ್ ಹೆಚ್ಚೂಕಡಿಮೆ ಆವಿಯಾಗುವುದೇ ಇಲ್ಲ, ಫ್ಲಾಸ್ಕಿನ ತಳದಲ್ಲೇ ಕೂತಿರುತ್ತದೆ! ವಿಎಫ್‌ಎ ಚೆನ್ನಾಗಿದೆ, ಆದರೂ ಯೀಲ್ಡ್ ಬೀಳುತ್ತಿದೆ ಎಂದರೆ ಒಟ್ಟು ಆಸಿಡಿಟಿ ಟೈಟ್ರೇಷನ್ ಮಾಡಿ ನೋಡಿ. ತುಂಬುವಾಗ ಎಷ್ಟಿತ್ತು, ಮುಗಿದಾಗ ಎಷ್ಟಾಯಿತು, ಆ ವ್ಯತ್ಯಾಸ ಮುಖ್ಯ.

ಕರ್ನಾಟಕದ ಕಾಕಂಬಿ ಡಿಸ್ಟಿಲರಿಗಳಲ್ಲೂ ಇದೇ ಸಮಸ್ಯೆಯೇ?

ಬ್ಯಾಕ್ಟೀರಿಯಾ ಅವೇ, ದಾರಿ ಬೇರೆ. ಕಾಕಂಬಿ 80 ಬ್ರಿಕ್ಸ್ (ದ್ರವದಲ್ಲಿ ಕರಗಿದ ಸಕ್ಕರೆ ಮುಂತಾದವುಗಳ ಶೇಕಡಾ ಅಳತೆ) ಮೇಲೆ ಇರುವವರೆಗೆ ಅದರಲ್ಲಿ ಏನೂ ಬೆಳೆಯುವುದಿಲ್ಲ, ಅಷ್ಟು ಗಟ್ಟಿ. ಬೀಜಕಣಗಳು ಮಲಗಿರುತ್ತವೆ ಅಷ್ಟೆ. ತೊಂದರೆ ಮಳೆಗಾಲದಲ್ಲಿ. ಟ್ಯಾಂಕಿನ ಮೇಲ್ಛಾವಣಿಯಲ್ಲಿ ಒಂದು ತೂತು ಇದ್ದರೆ ಸಾಕು, ಮೇಲೆ ತೆಳ್ಳನೆಯ ಪದರ ನಿಲ್ಲುತ್ತದೆ. ಆ ಪದರ ಹುಳಿ ಹಿಡಿದು ನೊರೆ ಬರುತ್ತದೆ. ಪಂಪ್ ತಳದಿಂದ ಎಳೆಯುವುದರಿಂದ ಸ್ಯಾಂಪಲ್‌ನಲ್ಲಿ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಆ ಪದರ ಫರ್ಮೆಂಟರಿಗೆ ಬರುತ್ತದೆ, ಆಗ ಒಮ್ಮೆಲೇ ಗಲಾಟೆ. ಕಾಕಂಬಿಯ ವಿಎಫ್‌ಎ 5,000 ಪಿಪಿಎಂ ದಾಟಿದರೆ ಯೀಸ್ಟ್ ಒದ್ದಾಡುತ್ತದೆ ಎಂಬುದು ನಮ್ಮವರ ಅಂದಾಜು.

ನಮ್ಮಲ್ಲಿ ಬಹಳ ಕಡೆ ಸ್ಪೆಂಟ್ ವಾಶಿನ ಒಂದು ಪಾಲನ್ನು ಕಾಕಂಬಿ ತೆಳ್ಳಗೆ ಮಾಡಲು ಮತ್ತೆ ಬಳಸುತ್ತಾರೆ. ನೀರು ಉಳಿಯುತ್ತದೆ, ಹೊರಬೀಳುವ ಕೊಳೆನೀರು ಕಡಿಮೆಯಾಗುತ್ತದೆ. ಆದರೆ ಕಾಲಮ್ಮಿನಲ್ಲಿ ಬ್ಯಾಕ್ಟೀರಿಯಾ ಬೆಂದು ಸತ್ತರೂ ಅದು ಮಾಡಿಟ್ಟ ಲ್ಯಾಕ್ಟಿಕ್ ಆಸಿಡ್ ಸ್ಪೆಂಟ್ ವಾಶಿನಲ್ಲೇ ಉಳಿದು ವಾಪಸ್ ಬರುತ್ತದೆ. ಒಂದು ಕೆಟ್ಟ ವಾರದ ಹುಳಿ ಮುಂದಿನ ವಾರವೂ ಕಾಡುವುದು ಈ ದಾರಿಯಲ್ಲಿ. ಅಂಥ ವಾರ ರೀಸೈಕಲ್ ಪ್ರಮಾಣ ಇಳಿಸುವುದು ಜಾಣತನ.

ಬಿಸಿಯ ಮಾತೂ ಇದೆ. ಏಪ್ರಿಲ್‌ನಲ್ಲಿ ಕೂಲಿಂಗ್ ಟವರ್ ನೀರೇ ಬೆಚ್ಚಗಿರುತ್ತದೆ. ಫರ್ಮೆಂಟರ್ 32–33 ಡಿಗ್ರಿಯಲ್ಲಿ ನಿಲ್ಲುವ ಬದಲು 36–37ಕ್ಕೆ ಏರಿದರೆ ಯೀಸ್ಟ್ ಕುಗ್ಗುತ್ತದೆ, ಲ್ಯಾಕ್ಟೋಬ್ಯಾಸಿಲಸ್ ಹಿಗ್ಗುತ್ತದೆ. ಬೇಸಿಗೆಯ ಎಷ್ಟೋ ಬ್ಯಾಕ್ಟೀರಿಯಾ ಸಮಸ್ಯೆಗಳು ಅಸಲಿಗೆ ಕೂಲಿಂಗ್ ಸಮಸ್ಯೆಗಳು.

ಬಿ-ಹೆವಿ ಕಾಕಂಬಿ, ಸಿರಪ್ ಬಂದ ಮೇಲೆ ಏನಾದರೂ ಬದಲಾಗಿದೆಯೇ?

2018ರ ಜೈವಿಕ ಇಂಧನ ನೀತಿಯ ನಂತರ ಬಿ-ಹೆವಿ (ಸಕ್ಕರೆಯನ್ನು ಪೂರ್ತಿ ತೆಗೆಯದೆ ಬಿಟ್ಟ ಕಾಕಂಬಿ), ಕಬ್ಬಿನ ಹಾಲು, ಸಿರಪ್ (ಬತ್ತಿಸಿದ ಕಬ್ಬಿನ ಹಾಲು) ಎಲ್ಲ ಎಥನಾಲ್‌ಗೆ ಬಂದವು. ಬಿ-ಹೆವಿಯಲ್ಲಿ ಸಕ್ಕರೆ ಜಾಸ್ತಿ, ಕಸ ಕಡಿಮೆ, ಯೀಸ್ಟಿಗೆ ಹಿತ. ಸಿರಪ್ 60 ಬ್ರಿಕ್ಸ್ ಆಸುಪಾಸಿನದು, ಕಾಕಂಬಿಯ ಹಾಗೆ ತಿಂಗಳುಗಟ್ಟಲೆ ಇಡಲಾಗುವುದಿಲ್ಲ. ಹಾಲಂತೂ ಗಂಟೆಗಳಲ್ಲಿ ಕೆಡುತ್ತದೆ. ಕಾಕಂಬಿಗೆ ಒಗ್ಗಿಹೋದ ಪ್ಲಾಂಟ್ ಸಿರಪ್ಪಿಗೆ ಬದಲಾದಾಗ ಅದೇ ಹಳೆಯ ಪೈಪು, ಅದೇ ನಿಧಾನ ಇಟ್ಟುಕೊಂಡರೆ ಪೆಟ್ಟು ಬೀಳುತ್ತದೆ.

ಆಂಟಿಬಯೋಟಿಕ್ ಹಾಕಿದರೆ ಮುಗೀತಲ್ವಾ?

ಆ ವಾರದ ಮಟ್ಟಿಗೆ ಮುಗಿಯಬಹುದು. ಬ್ರೆಜಿಲಿನಲ್ಲಿ ಮೊನೆನ್ಸಿನ್, ವರ್ಜಿನಿಯಾಮೈಸಿನ್ ಹೆಚ್ಚು ಬಳಕೆಯಲ್ಲಿವೆ. ಕೆಲವೇ ಪಿಪಿಎಂ ಸಾಕು. ಯೀಸ್ಟಿಗೆ ಏನೂ ಆಗುವುದಿಲ್ಲ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೀಳುತ್ತವೆ.

ಸಮಸ್ಯೆ ಆಮೇಲೆ. ಯೀಸ್ಟ್ ಜತೆ ಬದುಕುಳಿದ ಬ್ಯಾಕ್ಟೀರಿಯಾ ಮತ್ತೆ ಮತ್ತೆ ತಿರುಗುವ ಪದ್ಧತಿಯಲ್ಲಿ ಅದೇ ಔಷಧ ಪದೇ ಪದೇ ಹಾಕಿದರೆ, ಅದಕ್ಕೆ ಜಗ್ಗದವು ಉಳಿಯದೆ ಇನ್ನೇನು ಉಳಿಯುತ್ತವೆ? ಇನ್ನೊಂದು, ಹೆಚ್ಚಾದ ಯೀಸ್ಟನ್ನು ಒಣಗಿಸಿ ದನ, ಕೋಳಿ, ಮೀನಿನ ಮೇವಿಗೆ ಮಾರುತ್ತಾರೆ. ಔಷಧದ ಉಳಿಕೆ ಅದರ ಜತೆ ಹೋಗುತ್ತದೆ. ಮೊನೆನ್ಸಿನ್ ಕೋಳಿ, ದನಗಳಿಗೆ ನಡೆಯುತ್ತದೆ, ಆದರೆ ಕುದುರೆಗೆ ವಿಷ. ಯುರೋಪಿಯನ್ ಒಕ್ಕೂಟ ಪ್ರಾಣಿಗಳ ಬೆಳವಣಿಗೆ ಹೆಚ್ಚಿಸಲು ಮೇವಿನಲ್ಲಿ ವರ್ಜಿನಿಯಾಮೈಸಿನ್ ಹಾಕುವುದನ್ನು 1999ರಲ್ಲೇ ನಿಲ್ಲಿಸಿತು. ಒಣ ಯೀಸ್ಟ್ ಹೊರದೇಶಕ್ಕೆ ಮಾರುವವರಿಗೆ ಇದು ದುಡ್ಡಿನ ಪ್ರಶ್ನೆ ಕೂಡ.

ಆಂಟಿಬಯೋಟಿಕ್ ಬೇಡವೇ ಬೇಡ ಎನ್ನುವವನು ನಾನಲ್ಲ. ತೊಟ್ಟಿ ಕೈಮೀರಿದಾಗ ಬೇಕಾಗುತ್ತದೆ. ಆದರೆ ಸ್ಲೈಡ್ ನೋಡದೆ, ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ಪರೀಕ್ಷಿಸದೆ, ಶಿಫ್ಟಿಗೊಂದು ಪ್ಯಾಕೆಟ್ ಎಂದು ರೂಢಿ ಮಾಡಿಕೊಂಡ ಪ್ಲಾಂಟ್‌ಗಳಿವೆ. ಅಲ್ಲಿ ಕೂಲರ್ ತೊಳೆದು ಎಷ್ಟು ದಿನವಾಯಿತು ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ.

ಬೇರೆ ಏನಿದೆ?

ಬಿಯರಿಗೆ ಹಾಕುವ ಹಾಪ್ ಹೂವಿನ ಆಮ್ಲಗಳು ಲ್ಯಾಕ್ಟಿಕ್ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ, ಮೇವಿನಲ್ಲಿ ಉಳಿಕೆಯ ತಕರಾರಿಲ್ಲ, ಬೆಲೆ ಮಾತ್ರ ಜಾಸ್ತಿ. ಕ್ಲೋರಿನ್ ಡೈಆಕ್ಸೈಡ್ ಇದೆ, ಅದನ್ನು ಬಳಸುವಾಗ ಪ್ರಮಾಣ ತಪ್ಪಿದರೆ ಯೀಸ್ಟಿಗೂ ಪೆಟ್ಟು. ಕೊಳೆ ಜಾಸ್ತಿ ಇರುವ ಕಾಕಂಬಿ ವಾಶಿನಲ್ಲಿ ಇಂಥ ಔಷಧದ ಶಕ್ತಿ ಕೊಳೆಯ ಮೇಲೇ ಖರ್ಚಾಗುತ್ತದೆ.

ಹಾಗಾದರೆ ತೊಳೆಯುವುದೇ ಮದ್ದೇ? ಹೇಗೆ ತೊಳೆಯಬೇಕು?

ಮೊದಲು ನೀರು, ಆಮೇಲೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ಕೊನೆಗೆ ಉಗಿ ಅಥವಾ ಸ್ಯಾನಿಟೈಸರ್. ಕಾಸ್ಟಿಕ್ ಬಿಟ್ಟು ನೇರ ಸ್ಯಾನಿಟೈಸರ್ ಸುರಿದರೆ ಲೋಳೆಯ ಮೇಲ್ಭಾಗ ಮಾತ್ರ ಸಾಯುತ್ತದೆ. ಫರ್ಮೆಂಟರ್ ಎಲ್ಲರೂ ತೊಳೆಯುತ್ತಾರೆ, ಅದು ಕಣ್ಣಿಗೆ ಕಾಣುತ್ತದೆ. ಪ್ಲೇಟ್ ಕೂಲರ್ ಬಿಚ್ಚಿ ನೋಡುವುದು, ವಾಲ್ವ್ ಹಿಂದಿನ ಕುರುಡು ಪೈಪ್ ಕತ್ತರಿಸಿ ತೆಗೆಯುವುದು, ಸ್ಯಾಂಪಲ್ ನಲ್ಲಿಯ ಬಾಯಿ ತೊಳೆಯುವುದು, ಇವು ಯಾರಿಗೂ ನೆನಪಾಗುವುದಿಲ್ಲ. ಹುಳಿ ಅಲ್ಲಿಂದಲೇ ಬರುತ್ತದೆ.

ಒಂದು ಎಚ್ಚರಿಕೆ. ಖಾಲಿ ಫರ್ಮೆಂಟರಿನ ತಳದಲ್ಲಿ ಕಾರ್ಬನ್ ಡೈಆಕ್ಸೈಡ್ ನಿಂತಿರುತ್ತದೆ. ಗಾಳಿಗಿಂತ ಭಾರ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ಊದದೆ, ಮೀಟರ್‌ನಲ್ಲಿ ಆಮ್ಲಜನಕ ನೋಡದೆ, ಹೊರಗೆ ಒಬ್ಬರನ್ನು ನಿಲ್ಲಿಸದೆ ಯಾರೂ ಇಳಿಯಬಾರದು. ಒಳಗೆ ಬಿದ್ದವರನ್ನು ಎತ್ತಲು ಹಾಗೇ ಹಾರುವುದಂತೂ ಬೇಡವೇ ಬೇಡ.

ತಯಾರಾದ ಎಥನಾಲ್ ಗುಣಮಟ್ಟ ಹಾಳಾಗುತ್ತದೆಯೇ?

ಲ್ಯಾಕ್ಟಿಕ್ ಆಸಿಡ್ ಕಾಲಮ್ ತಳದಲ್ಲೇ ಉಳಿಯುತ್ತದೆ. ಅಸಿಟಿಕ್ ಸ್ವಲ್ಪ ಮೇಲೆ ಬರಬಹುದು, ಎಥನಾಲ್‌ನ ಆಸಿಡಿಟಿ ಏರಿಸಬಹುದು. ಅಪರೂಪಕ್ಕೆ ಕೆಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಗ್ಲಿಸರಾಲ್ ತಿಂದು ಮಾಡುವ ವಸ್ತು ಬಿಸಿಗೆ ಅಕ್ರೋಲೀನ್ ಆಗುತ್ತದೆ. ಡಿಸ್ಟಿಲೇಷನ್ ಕಡೆ ಹೋದವರ ಕಣ್ಣು ಉರಿದು ನೀರು ಬಂದರೆ ಫರ್ಮೆಂಟೇಶನ್ ಕಡೆಗೂ ಒಂದು ಕಣ್ಣು ಹಾಕಿ.

ಎಲ್ಲ ಬ್ಯಾಕ್ಟೀರಿಯಾವೂ ಶತ್ರುಗಳೇ?

ಅಲ್ಲ ಎನ್ನುತ್ತಿದೆ ಈಚಿನ ಸಂಶೋಧನೆ. ಬ್ರೆಜಿಲಿನ ಕಾರ್ಖಾನೆಗಳ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಜೋಡಿ ಮಾಡಿ ಯೀಸ್ಟ್ ಜತೆ ಬೆಳೆಸಿದ 2021ರ ಒಂದು ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಅಮೈಲೋವೊರಸ್ ಬಿಡುವ ಅಸಿಟಾಲ್ಡಿಹೈಡ್ ಯೀಸ್ಟಿಗೆ ಅನುಕೂಲವಾಗಿದ್ದು ಕಂಡುಬಂತು. ಹಾಗೆಂದು ನಾಳೆಯಿಂದ ಟ್ಯಾಂಕಿಗೆ ಬ್ಯಾಕ್ಟೀರಿಯಾ ಸುರಿಯಬೇಕಿಲ್ಲ. ಕಂಡದ್ದನ್ನೆಲ್ಲ ಕೊಲ್ಲುವ ಮೊದಲು ಯಾವುದೆಂದು ತಿಳಿಯಲು ಇದು ಇನ್ನೊಂದು ಕಾರಣ.

ರಾತ್ರಿ ಶಿಫ್ಟಿನಲ್ಲಿ ಆಸಿಡಿಟಿ ಇದ್ದಕ್ಕಿದ್ದಂತೆ ಏರಿದೆ. ಮೊದಲು ಏನು ನೋಡಲಿ?

ಟೆಂಪರೇಚರ್ ಚಾರ್ಟ್. ಸಂಜೆಯಿಂದ ಎಲ್ಲಾದರೂ ಏರಿದೆಯೇ ನೋಡಿ. ಆಮೇಲೆ ನಾಲ್ಕು ಕಡೆ ಸ್ಯಾಂಪಲ್ ತೆಗೆಯಿರಿ: ತೆಳ್ಳಗೆ ಮಾಡಿದ ಕಾಕಂಬಿ ಅಥವಾ ರಸ ಕೂಲರಿಗೆ ಹೋಗುವ ಮೊದಲು, ಕೂಲರ್ ದಾಟಿದ ಮೇಲೆ, ಯೀಸ್ಟ್ ಟ್ಯಾಂಕ್, ಫರ್ಮೆಂಟರ್. ನಾಲ್ಕಕ್ಕೂ ಸ್ಲೈಡ್ ಮಾಡಿ. ಕೂಲರಿನ ಮುಂಚೆ ಕಡ್ಡಿ ಇಲ್ಲ, ಆಮೇಲೆ ಇದೆ ಎಂದರೆ ಕಳ್ಳ ಸಿಕ್ಕಿದ. ಯೀಸ್ಟ್ ಟ್ಯಾಂಕಿನಲ್ಲೇ ತುಂಬಿದ್ದರೆ ಆ ಯೀಸ್ಟನ್ನು ಮುಂದಿನ ಫರ್ಮೆಂಟರಿಗೆ ಕೊಡಬೇಡಿ, ಎಷ್ಟೇ ಒತ್ತಡ ಇರಲಿ. ಹೊಸ ಯೀಸ್ಟ್ ಎಬ್ಬಿಸಲು ಒಂದು ದಿನ ಹೋಗುತ್ತದೆ, ಹಾಳಾದ ಯೀಸ್ಟ್ ಓಡಿಸಿದರೆ ವಾರ ಹೋಗುತ್ತದೆ. ಸಕ್ಕರೆ ಬಹುಪಾಲು ಮುಗಿದಿದ್ದರೆ ತೊಟ್ಟಿಯನ್ನು ಬೆಳಗಿನವರೆಗೆ ಕಾಯಿಸದೆ ಡಿಸ್ಟಿಲೇಷನ್‌ಗೆ ಕಳಿಸಿ. ಏನು ನೋಡಿದಿರಿ, ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನು ಲಾಗ್ ಬುಕ್ಕಿನಲ್ಲಿ ಬರೆದೇ ಮನೆಗೆ ಹೋಗಿ, ಬೆಳಿಗ್ಗೆ ಬರುವವರು ಮೊದಲು ಕೇಳುವುದು ಅದನ್ನೇ.